ಹಿಂದಿನ ಸೀಟು

“ಮೊದ್ಲು ಕಾಲು ಮಡಿಸ್ರಪ್ಪ. ಆಮೇಲೆ ಬಗ್ಗಲ್ಲ,” ಎಂದು ಪಕ್ಕದ ಮನೆಯ ವೀರಮ್ಮ ಅವಸರ ಮಾಡುತ್ತಿದ್ದಂತೆ, ನಾಲ್ವರು ಗಂಡಸರು ಪರಮೇಶ್ವರಪ್ಪನ ಹೆಣವನ್ನು ಲಗೇಜ್ ಆಟೋದಿಂದ ಇಳಿಸಿ ಪಡಸಾಲೆಗೆ ತಂದರು. ಗೋಡೆಗೆ ಒರಗಿಸುವ ಮೊದಲು ಕರಿಬಸಮ್ಮ ಗಂಡನ ಬೆನ್ನಿಗೆ ಮೆತ್ತಿದ್ದ ಟೊಮ್ಯಾಟೊ ಸಿಪ್ಪೆಯನ್ನು ಸೆರಗಿನಿಂದ ಒರೆಸಿದಳು. ಆಟೋ ಬೆಳಿಗ್ಗೆ ಮಾರ್ಕೆಟ್ಟಿಗೆ ಟೊಮ್ಯಾಟೊ ಹೊತ್ತಿತ್ತು. ಸಾಹುಕಾರರ ಸಫಾರಿ ಗಾಡಿಯ ಟೈರಿನ ಸಂದಿಗೆ ಸಿಕ್ಕ ಕಲ್ಲನ್ನೂ ಕಡ್ಡಿ ಹಾಕಿ ತೆಗೆಯುತ್ತಿದ್ದ ಡ್ರೈವರು ಶಿವಮೊಗ್ಗದಿಂದ ಭದ್ರಾವತಿಗೆ ಕೊನೆಯ ಸಲ ಹೀಗೆ ಬಂದಿದ್ದ.

ಪದ್ಮಾಸನ ಹಾಕಿಸಿ ಕೂರಿಸಿದರು. ತಲೆ ವಾಲದಂತೆ ಬಟ್ಟೆ ಕಟ್ಟಿ ಗೋಡೆಯ ಮೊಳೆಗೆ ಬಿಗಿದರು. ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟರು.

“ನಿಮ್ ಸಾಹುಕಾರ್ರು ಗಾಡಿ ಕಳಿಸ್ಲಿಲ್ವೇನೇ?” ವೀರಮ್ಮ ಕೇಳಿದಳು.

“ಆಟೋ ಕಳಿಸಿದ್ರಲ್ಲ.”

“ಅದೂ ಒಂದು ಗಾಡಿಯೇನೇ ಮಾರಾಯ್ತಿ. ಎಂಟು ವರ್ಷ ಆ ಗಾಡೀನ ಮಗು ತೊಳೆದ ಹಾಗೆ ತೊಳೆದ್ರು.”

ಕರಿಬಸಮ್ಮ ಗಂಡನ ಹಣೆಯ ವಿಭೂತಿ ಸರಿಮಾಡಿದಳು. ಬೆಳಿಗ್ಗೆ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಗಂಡನ ಉಸಿರು ನಿಂತ ಮೇಲೆ, ಎದುರಿನ ಅಂಗಡಿಯಲ್ಲಿ ಕಾಯಿನ್ ಫೋನಿಗೆ ಒಂದು ರೂಪಾಯಿ ಹಾಕಿ ಸಾಹುಕಾರ ರುದ್ರೇಶನಿಗೆ ತಾನೇ ಮಾತಾಡಿದ್ದಳು. “ನಮ್ ಗಾಡಿ ಕಳಿಸ್ತೀರಾ? ಇವ್ರನ್ನ ಊರಿಗೆ ಕರ್ಕೊಂಡ್ ಹೋಗ್ಬೇಕು,” ಅಂದಿದ್ದಳು. ಗಂಡ ಯಾವಾಗಲೂ ಹಾಗೇ ಅನ್ನುತ್ತಿದ್ದದ್ದು, ‘ನಮ್ ಗಾಡಿ’ ಅಂತ. ಬಾಯಿಗೆ ಅದೇ ಬಂದುಬಿಟ್ಟಿತ್ತು.

ರುದ್ರೇಶ ಮೆತ್ತಗೆ ಹೇಳಿದ್ದ, “ಬೇಜಾರ್ ಮಾಡ್ಕೋಬೇಡ ಕರಿಬಸಮ್ಮ. ಗಾಡಿ ಮಾರಾಟಕ್ಕಿಟ್ಟಿದೀನಿ, ಇವತ್ತೇ ಪಾರ್ಟಿ ಬರ್ತಾ ಇದಾರೆ. ಹೆಣ ಹಾಕಿದ ಗಾಡಿ ಅಂತ ಗೊತ್ತಾದ್ರೆ ಯಾರು ಮುಟ್ತಾರೆ ಹೇಳು? ಬೇರೆ ಏನಾದ್ರೂ ಕಳಿಸ್ತೀನಿ.”

ಹೆಣ ಹಾಕಿದ ಗಾಡಿ. ಆಟೋದಲ್ಲಿ ಬರುವಾಗಲೆಲ್ಲ ಅವಳು ಆ ಮಾತನ್ನೇ ಮೆಲುಕು ಹಾಕಿದ್ದಳು.

*

ತೊಂಬತ್ತೊಂಬತ್ತರಲ್ಲಿ ಆ ಸಫಾರಿ ಬಂದಾಗ ಸಾಹುಕಾರರ ಮನೆಯಿದ್ದ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಕಡುನೀಲಿ ಬಣ್ಣ, ಒಳಗೆ ಏಸಿ, ಮನೆಮಂದಿಯೆಲ್ಲ ಕೂತರೂ ಇನ್ನೂ ಜಾಗ. ಸಾಹುಕಾರರ ಹೆಂಡತಿ ಶಾಮಲಾ ಬಿಳಿ ಬಟ್ಟೆಯ ಸೀಟ್ ಕವರ್ ಹೊಲಿಸಿ, ಅಂಚಿಗೆ ತಾವೇ ಕೂತು ನೀಲಿ ನವಿಲಿನ ಕಸೂತಿ ಹಾಕಿದ್ದರು. ಪರಮೇಶ್ವರಪ್ಪ ಭದ್ರಾವತಿಯ ಕಡದಕಟ್ಟೆಯಿಂದ ಆರರ ಬಸ್ಸು ಹಿಡಿದು ಹೋಗಿ, ಮನೆಯವರು ಏಳುವ ಮೊದಲೇ ಗಾಡಿ ತೊಳೆದಿಡುತ್ತಿದ್ದ. ಸಾಹುಕಾರರ ಮಕ್ಕಳು ಒಳಗೆ ಚಕ್ಕುಲಿ ತಿಂದರೆ ಆ ಪುಡಿಯನ್ನು ಕೈಯಿಂದಲೇ ಆರಿಸುತ್ತಿದ್ದ. ಎಂಟು ವರ್ಷದಲ್ಲಿ ಒಮ್ಮೆಯೂ ಅವನು ಹಿಂದಿನ ಸೀಟಿನಲ್ಲಿ ಕೂತವನಲ್ಲ. ಮದುವೆಮನೆಗಳ ಮುಂದೆ ಗಂಟೆಗಟ್ಟಲೆ ಕಾಯುವಾಗ ನಿದ್ದೆ ಬಂದರೆ ಹೊರಗೆ ಪೇಪರು ಹಾಸಿಕೊಂಡು ಮಲಗುತ್ತಿದ್ದ.

ಒಂದು ಸಲ ಕರಿಬಸಮ್ಮ ಕೇಳಿದ್ದಳು, “ಒಂದಿನ ನನ್ನೂ ಒಂದು ರೌಂಡು ಕರ್ಕೊಂಡು ಹೋಗ್ರಿ.”

“ಅದು ನಮ್ ಗಾಡಿ ಅಲ್ಲ ಕಣೆ,” ಅಂದಿದ್ದ. ಊರಿಗೆಲ್ಲ ‘ನಮ್ ಗಾಡಿ’, ಹೆಂಡತಿಗೆ ಮಾತ್ರ ಹೀಗೆ. ಅವಳು ಮತ್ತೆ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಕಂಕುಳಲ್ಲಿ ಗಂಟೊಂದನ್ನು ಹಿಡಿದು ಮನೆಗೆ ಬಂದ. ಹಿಂದಿನ ದಿನವಷ್ಟೇ ಸಾಹುಕಾರರ ತಾಯಿ ದಾಕ್ಷಾಯಣಮ್ಮ ಮನೆಯಲ್ಲೇ ತೀರಿಕೊಂಡರು ಎಂದು ಸುದ್ದಿಯಾಗಿತ್ತು.

“ಮನೇಲಲ್ಲ ಕಣೆ,” ಎಂದ ಪರಮೇಶ್ವರಪ್ಪ. “ಮಣಿಪಾಲದಿಂದ ಕರ್ಕೊಂಡು ಬರ್ತಾ ಇದ್ವಲ್ಲ, ಮಂಡಗದ್ದೆ ದಾಟಿದ ಮೇಲೆ ಕನ್ನಡೀಲಿ ನೋಡಿದೆ, ಅಮ್ಮೋರ ತಲೆ ವಾಲಿತ್ತು. ಸಾಹುಕಾರ್ರು, ‘ಮನೇಲೇ ಹೋದ್ರು ಅನ್ನೋಣ, ನಾಳೆ ಈ ಗಾಡೀಲಿ ಕೂರೋಕೆ ಜನ ಹಿಂದೆಮುಂದೆ ನೋಡ್ತಾರೆ’ ಅಂದ್ರು. ಹಿಂದಿನ ಸೀಟಿನ ಕವರ್ ಸುಟ್ಟಾಕು ಅಂದ್ರು. ನಂಗೆ ಕೈ ಬರ್ಲಿಲ್ಲ. ಹಬ್ಬಕ್ಕೆ ನಂಗೂ ಅವ್ರ ಮಕ್ಕಳ ಪಂಕ್ತೀಲೇ ಎಲೆ ಹಾಕ್ಸಿದ ತಾಯಿ.”

ಅವನೇ ಮೂರು ಸಲ ಸೋಪು ಹಾಕಿ ಒಗೆದ. ಮಡಿಸಿ ಟ್ರಂಕಿನ ತಳದಲ್ಲಿಟ್ಟ. ಆಮೇಲೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, “ಇದ್ರ ಮೇಲೆ ಕೈ ಇಡು. ಈ ಮಾತು ನಿನ್ ಬಾಯಿಂದ ಹೊರಗೆ ಬರಬಾರ್ದು,” ಎಂದ. ಅವಳು ಇಟ್ಟಳು.

*

ಹನ್ನೆರಡರ ಹೊತ್ತಿಗೆ ಓಣಿಗೆ ಸಫಾರಿ ಬಂತು. ಮಕ್ಕಳು ಹಿಂದೆ ಓಡಿದರು. ಓಡಿಸುತ್ತಿದ್ದವನು ಪೇಪರ್‌ಟೌನಿನ ಕಂಟ್ರಾಕ್ಟರ್ ಯುವರಾಜ್, ಕೊಳ್ಳುವವನು ಅವನೇ. ಪಕ್ಕದಲ್ಲಿ ರುದ್ರೇಶ, ಮಡಿಲಲ್ಲಿ ಚೆಂಡುಹೂವಿನ ಹಾರ. ಗಾಡಿ ಓಡಿಸಿ ನೋಡಿದ ಹಾಗೂ ಆಯಿತು, ಮಣ್ಣಿಗೆ ಬಂದ ಹಾಗೂ ಆಯಿತು ಎಂದು ಸಾಹುಕಾರ ಎರಡನ್ನೂ ಒಂದೇ ಡೀಸೆಲಿನಲ್ಲಿ ಮುಗಿಸಲು ಹೊರಟಿದ್ದ. ಯುವರಾಜ್ ಬೋರ್‌ವೆಲ್ಲಿನ ಹತ್ತಿರ ಗಾಡಿ ತಿರುಗಿಸಿ, ಮುಖ್ಯರಸ್ತೆಗೆ ಮುಖ ಮಾಡಿ ನಿಲ್ಲಿಸಿದ.

ರುದ್ರೇಶ ಹಾರ ಹಾಕಿ ಕೈಮುಗಿದ. ಎರಡು ನಿಮಿಷ ಕಣ್ಣು ಮುಚ್ಚಿ ನಿಂತ. ಆಮೇಲೆ ಯುವರಾಜನ ಕಡೆ ತಿರುಗಿ, “ನೋಡಿ, ಇವ್ನೇ ನಮ್ ಪರಮೇಶಿ. ಸ್ಟೇರಿಂಗ್ ಮೇಲೆ ಬೇರೆ ಕೈ ಬಿದ್ದಿಲ್ಲ. ಒಂದು ಗೀರು ಇಲ್ಲ, ಒಂದು ಕಲೆ ಇಲ್ಲ,” ಎಂದ.

ಯುವರಾಜನಿಗೆ ಮುಜುಗರವಾಯಿತು. “ಇದೆಲ್ಲ ಈಗ ಬೇಡ ಬಿಡಿ ಸಾರ್.”

“ಇಲ್ಲ, ನಿಮ್ ತಾಯಿ ಕೇಳ್ಕೊಂಡು ಬಾ ಅಂದಿದಾರೆ ಅಂದ್ರಲ್ಲ. ಇವ್ನ ಹೆಂಡ್ತೀನೇ ಕೇಳಿ. ಹೇಳಮ್ಮ ಕರಿಬಸಮ್ಮ, ಗಾಡೀಲಿ ಯಾವತ್ತಾದ್ರೂ ಆಕ್ಸಿಡೆಂಟು, ಸಾವು, ಅಂಥದ್ದೇನಾದ್ರೂ ಆಗಿತ್ತಾ?”

ಕರಿಬಸಮ್ಮ ಅವನ ಮುಖ ನೋಡಿದಳು. ಅಲ್ಲಿ ಅಳುಕಿರಲಿಲ್ಲ. ಪರಮೇಶಿ ಬಾಯಿ ಬಿಟ್ಟವನಲ್ಲ, ಮನೆಯಲ್ಲೂ ಬಿಟ್ಟಿರಲಾರ ಎಂಬ ಧೈರ್ಯ. ಗಂಡನ ನಿಯತ್ತೇ ಇವನಿಗೆ ಇವತ್ತು ಸರ್ಟಿಫಿಕೇಟು. ಅವಳಿಗೆ ರುದ್ರೇಶನ ಮೇಲೆ ಬಂದಷ್ಟೇ ಸಿಟ್ಟು ಗೋಡೆಗೆ ಒರಗಿ ಕೂತಿದ್ದವನ ಮೇಲೂ ಬಂತು.

“ನಮ್ಮೆಜಮಾನ್ರು ಗಾಡಿ ವಿಷಯ ಮಾತಾಡ್ತಿರಲಿಲ್ಲ,” ಎಂದಳು.

“ನೋಡಿದ್ರಾ,” ಎಂದ ರುದ್ರೇಶ.

ಹೊರಗೆ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು. ಹೆಣವನ್ನು ಅದರಲ್ಲಿ ಕೂರಿಸಿ ಹೆಗಲ ಮೇಲೆ ಒಯ್ಯಬೇಕು. ಮಠದ ಅಯ್ಯನವರು, “ಕೆಳಗೆ ಹಾಸೋಕೆ ಒಂದು ಒಳ್ಳೇ ಬಿಳೀ ಬಟ್ಟೆ ಕೊಡಿ ತಾಯಿ,” ಎಂದರು.

ವೀರಮ್ಮ ಹಳೇ ಪಂಚೆ ಹುಡುಕಲು ಎದ್ದಳು. ಕರಿಬಸಮ್ಮ ಅವಳನ್ನು ತಡೆದು, ತಾನೇ ಒಳಗೆ ಹೋಗಿ ಟ್ರಂಕು ತೆಗೆದಳು. ಕವರು ಮಡಿಕೆ ಬಿಟ್ಟಿರಲಿಲ್ಲ. ಹೊರಗೆ ತಂದು, ಕಸೂತಿ ಮೇಲೆ ಬರುವಂತೆ ವಿಮಾನದಲ್ಲಿ ಅಗಲಕ್ಕೆ ಹಾಸಿ, ಸುಕ್ಕನ್ನು ಅಂಗೈಯಿಂದ ತೀಡಿದಳು. ನೀಲಿ ನವಿಲುಗಳು ಸಾಲಾಗಿ ಬಿಸಿಲಿಗೆ ಬಂದವು.

ರುದ್ರೇಶ ಹತ್ತಿರ ಬಂದು ಪಿಸುಗುಟ್ಟಿದ, “ಅದನ್ನ ತೆಗಿ. ಹೊಸಾ ಪಂಚೆ ತರಿಸ್ತೀನಿ.”

“ಯಾಕೆ ಸಾಹುಕಾರ್ರೇ, ಶಾಮಲಮ್ಮೋರು ಹಾಕಿದ ಕಸೂತಿ. ಇದಕ್ಕಿಂತ ಒಳ್ಳೇದು ಎಲ್ಲಿ ಸಿಗುತ್ತೆ?” ಅವಳು ಪಿಸುಗುಟ್ಟಲಿಲ್ಲ.

ಯುವರಾಜ್ ಬಗ್ಗಿ ನೋಡಿದ. “ಮುಂದಿನ ಸೀಟಿಗೆ ಇರೋದು ಇದೇ ನವಿಲು. ಹಿಂದಿನ ಸೀಟಿಂದು ಯಾಕೆ ಬೇರೆ ಅಂದಿದ್ದಕ್ಕೆ ಹರಿದುಹೋಯ್ತು ಅಂದ್ರಲ್ಲ ಸಾರ್. ಇದು ಹರಿದೇ ಇಲ್ವಲ್ಲ.”

ರುದ್ರೇಶ ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

“ಮತ್ತೆ ಯಾಕೆ ತೆಗೆಸಿದ್ರು?” ಯುವರಾಜ್ ಈ ಸಲ ಅವಳನ್ನೇ ಕೇಳಿದ.

“ನಾನು ಲಿಂಗ ಮುಟ್ಟಿ ಆಣೆ ಮಾಡಿದೀನಪ್ಪ, ಹೇಳೋ ಹಾಗಿಲ್ಲ,” ಎಂದಳು ಕರಿಬಸಮ್ಮ. “ಸಾಹುಕಾರ್ರು ಮಾಡಿಲ್ಲ. ಅವ್ರನ್ನೇ ಕೇಳಿ.”

ಅಂಗಳದಲ್ಲಿದ್ದವರೆಲ್ಲ ರುದ್ರೇಶನ ಕಡೆ ನೋಡಿದರು. ಅವನು ಕರ್ಚೀಫು ಮಡಿಸುತ್ತ ನಿಂತ. ಯುವರಾಜ್ ಗಾಡಿಯ ಕೀಲಿಯನ್ನು ಅವನ ಕೈಗಿಟ್ಟು, ಪರಮೇಶ್ವರಪ್ಪನಿಗೆ ಕೈಮುಗಿದು, ಬಸ್‌ಸ್ಟಾಪಿನ ಕಡೆ ನಡೆದ.

ಕರಿಬಸಮ್ಮನಿಗೆ ಸಮಾಧಾನವೇನೂ ಆಗಲಿಲ್ಲ. ಟೊಮ್ಯಾಟೊ ನಾತ ಸೆರಗಿನಲ್ಲಿ ಹಾಗೇ ಇತ್ತು.

ಪರಮೇಶ್ವರಪ್ಪನನ್ನು ನವಿಲುಗಳ ಮೇಲೆ ಕೂರಿಸಿದರು. ಡೊಳ್ಳು ಶುರುವಾಯಿತು. ವಿಮಾನ ಹತ್ತು ಹೆಜ್ಜೆ ಹೋಗಿ ನಿಂತಿತು. ಓಣಿ ಕಿರಿದು, ಮುಂದೆ ಸಫಾರಿ ಅಡ್ಡ.

“ಗಾಡಿ ತೆಗೀರಿ ಸಾಹುಕಾರ್ರೇ,” ಯಾರೋ ಕೂಗಿದರು.

ಸ್ಟೇರಿಂಗ್ ಹಿಡಿದು ರೂಢಿಯಿಲ್ಲದ ರುದ್ರೇಶ ಹತ್ತಿ ಕೂತ. ಎಂಜಿನ್ ಎರಡು ಸಲ ಆಫಾಗಿ, ಮೂರನೆಯ ಸಲ ಹಿಡಿಯಿತು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಗೋಡೆಗೆ ಉಜ್ಜದಂತೆ ಆಮೆ ನಡಿಗೆಯಲ್ಲಿ ಮುಂದೆ ಹೋಗುವುದೊಂದೇ ದಾರಿ. ಮುಖ್ಯರಸ್ತೆಯವರೆಗೂ ಮನೆಮನೆಯ ಜಗಲಿಯಲ್ಲಿ ಜನ ನಿಂತಿದ್ದರು. ಹಿಂದೆ ಡೊಳ್ಳು, ಅದರ ಹಿಂದೆ ವಿಮಾನ.

ಕರಿಬಸಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಸಾಹುಕಾರ ಮುಂದೆ ಗಾಡಿ ಓಡಿಸುತ್ತಿದ್ದ. ಪರಮೇಶ್ವರಪ್ಪ ಹಿಂದಿನ ಸೀಟಿನ ಮೇಲೆ ನೆಟ್ಟಗೆ ಕೂತು ಹೋಗುತ್ತಿದ್ದ.