ದ್ವೀಪದವರ ಎಡಗಾಲು

ಸೂಜಿ ಎಂದು ಪ್ರಯೋಗಾಲಯದವರು ಕರೆಯುವುದು ಪೆನ್ಸಿಲಿನಷ್ಟು ದಪ್ಪದ ಉಕ್ಕಿನ ಕೊಳವೆಯನ್ನು. ಅದನ್ನು ತೊಡೆಗೆ ಇಳಿಸಿ, ಒಳಗಿನ ಅಲಗಿನಿಂದ ಕಚ್ಚಿ ಹೊರಗೆಳೆದರೆ ಅಕ್ಕಿಕಾಳಿನ ಗಾತ್ರದ ಸ್ನಾಯುವಿನ ಚೂರು ಬರುತ್ತದೆ. ಮರಗಟ್ಟಿಸುವ ಮದ್ದು ಕೊಟ್ಟಿರುವುದರಿಂದ ನೋವಿಲ್ಲ. ಯಾರೋ ಮೊಣಕೈ ಊರಿ ತೊಡೆಯ ಮೇಲೆ ಬಿದ್ದುಕೊಂಡಂತಿರುತ್ತದೆ, ಅಷ್ಟೆ. ನನ್ನ ಚೂರು ಕ್ರಿಸ್ಮಸ್ಸಿನ ಮಾಂಸದುಂಡೆಗೆ ಕೊಚ್ಚಿಟ್ಟ ಹಂದಿಯ ಹಾಗೇ ಇತ್ತು. ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತನಾದವನ ಒಳಗೂ ಇರುವುದು ಇಷ್ಟೇ. ಆ ವರ್ಷ ಉಂಡೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಪಕ್ಕದ ಮಂಚದ ಆಲ್ಗೊಟ್ ಮಾತ್ರ ಕತ್ತು ಚಾಚಿ ತನ್ನ ಚೂರನ್ನು ಮೆಚ್ಚಿಕೊಂಡ. ಅವನು ಸರೋವರದಾಚೆಯ ದ್ವೀಪದಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದವನು. "ನನ್ದು ನೋಡಿ, ಎಷ್ಟು ಕೆಂಪಗಿದೆ! ನಿಮ್ದು ಬೇಯಿಸಿದ ಮೀನಿನ ಥರ ಇದೆಯಲ್ಲ ಮೇಷ್ಟ್ರೇ."

ತೂವಾ ಎಂಬ ಹುಡುಗಿಯ ಡಾಕ್ಟರೇಟು ನಮ್ಮ ತೊಡೆಗಳ ಮೇಲೆ ನಿಂತಿತ್ತು. ಊರಿನಿಂದಲೂ ದ್ವೀಪದಿಂದಲೂ ಕೆಲಸವಿಲ್ಲದ ಮುದುಕರನ್ನು ಕಲೆಹಾಕಿ, ಚಳಿಗಾಲ ಪೂರ್ತಿ ಬಲಗಾಲಿನಲ್ಲಿ ಮಾತ್ರ ಸೈಕಲ್ ತುಳಿಸಿ, ಎಡಗಾಲನ್ನು ಸ್ಟೂಲಿನ ಮೇಲೆ ಇಡಿಸುತ್ತಿದ್ದಳು. ಎಡಗಾಲು ಮನೆಯೊಳಗೆ ನಡೆದಾಡಬಹುದು, ಬೇರೆ ಕಸರತ್ತು ಕೂಡದು. ಹೀಗೆ ಬಹಳ ಹೊತ್ತು ಬಿಡದೆ ದುಡಿದ ಸ್ನಾಯುವಿನ ಜೀವಕೋಶಗಳಲ್ಲಿ ಕೊಬ್ಬನ್ನು ಉರಿಸುವ ಒಲೆಗಳು, ಅಂದರೆ ಮೈಟೊಕಾಂಡ್ರಿಯಗಳು, ಹೆಚ್ಚುತ್ತವಂತೆ. ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಚಿಗುರುತ್ತವಂತೆ. ಸ್ಟೂಲಿನ ಮೇಲೆ ಕೂತ ಕಾಲಿಗೆ ಇದು ಯಾವುದೂ ಇಲ್ಲ. ಒಂದೇ ದೇಹ, ಒಂದೇ ಊಟ, ಒಂದೇ ಸೋಮಾರಿತನ; ವ್ಯತ್ಯಾಸ ದುಡಿಮೆಯದು ಮಾತ್ರ. ನ್ಯಾಯವಾದ ಏರ್ಪಾಡು.

ಚಳಿಗಾಲದ ಕೊನೆಗೆ ಎರಡೂ ಕಾಲುಗಳಿಂದ ತೆಗೆದ ಚೂರುಗಳನ್ನು ನೋಡಿದ ಮೇಲೆ ಅವಳ ಗುರು ಪ್ರೊಫೆಸರ್ ಲಿಂಡ್‌ವಾಲ್ ಕಾಫಿ ಕೋಣೆಗೆ ಹೆಚ್ಚುಕಡಿಮೆ ಓಡಿಯೇ ಬಂದರು. ದ್ವೀಪದಿಂದ ಬರುವವರಲ್ಲಿ ಮಾತ್ರ ಎಡಗಾಲೂ ಬಲಗಾಲಿನಂತೆಯೇ ಬದಲಾಗಿತ್ತು!

"ರಕ್ತ!" ಎಂದರು. "ದುಡಿದ ಕಾಲಿನ ಸುದ್ದೀನ ರಕ್ತ ಈ ಕಾಲಿಗೆ ಮುಟ್ಟಿಸಿದೆ. ದ್ವೀಪದವರದ್ದು ಹಳೇ ರಕ್ತ ನೋಡಿ, ಬೆರಕೆ ಇಲ್ಲದ್ದು."

ಈ ದೇಶದಲ್ಲಿ ಪ್ರೊಫೆಸರುಗಳು ಹಿಂದೊಮ್ಮೆ ಜನಾಂಗದ ರಕ್ತಶುದ್ಧಿಯ ವಿಷಯವಾಗಿ ಹಿಗ್ಗಿದ್ದಾಗ ಎಷ್ಟು ಜನರಿಗೆ ಬಲವಂತದ ಸಂತಾನಹರಣವಾಯಿತು ಎಂಬುದನ್ನು ಓದಿಕೊಂಡಿದ್ದ ನನಗೆ ಕಾಫಿ ಕಹಿಯಾಯಿತು. ಕಪ್ಪು ಹಿಡಿದು ಕಿಟಕಿಗೆ ಬಂದೆ. ಕೆಳಗೆ ಹೆಪ್ಪುಗಟ್ಟಿದ ಸರೋವರದ ಅಂಚಿನಲ್ಲಿ ಆಲ್ಗೊಟ್ ಮನೆಗೆ ಹೊರಡುತ್ತಿದ್ದ. ಕುರ್ಚಿಗೆ ಎರಡು ಉದ್ದನೆಯ ಉಕ್ಕಿನ ಪಟ್ಟಿ ಜೋಡಿಸಿದಂಥ ಜಾರುಬಂಡಿ; ಒಂದು ಪಟ್ಟಿಯ ಮೇಲೆ ಬಲಗಾಲೂರಿ, ಎಡಗಾಲಿನಿಂದ ಹಿಮವನ್ನು ಒದೆಯುತ್ತಿದ್ದ. ದ್ವೀಪದವರೆಲ್ಲ ಬಂದು ಹೋಗುವುದೇ ಹಾಗೆ. ನಾನು ಕೋಟೂ ಹಾಕದೆ ಕೆಳಗೋಡಿದೆ.

"ಆಲ್ಗೊಟ್! ಯಾವಾಗ್ಲೂ ಎಡಗಾಲಲ್ಲೇ ಒದೀತೀಯೇನೋ?"

"ಮತ್ತೆ? ಬಲಗಾಲು ಇಲ್ಲಿ ತುಳಿದು ತುಳಿದು ಸತ್ತಿರುತ್ತೆ. ಎಡಗಾಲಿಗೇನು ದಾಡಿ? ದಿನಾ ಸ್ಟೂಲ್ ಮೇಲೆ ದೊರೆ ಥರ ಕೂತಿರುತ್ತೆ, ಒದೀಲಿ ಬಿಡಿ."

"ಅದು ಕಸರತ್ತು ಕಣೋ!"

"ಥೂ, ಹೋಗಿ ಮೇಷ್ಟ್ರೇ. ಕಸರತ್ತು ಅಂದ್ರೆ ಬಿಗಿ ಚಡ್ಡಿ ಹಾಕ್ಕೋಬೇಕು. ಇದು ಮನೆಗೆ ಹೋಗೋದು."

ಅವನು ಸುಳ್ಳು ಹೇಳುವವನಲ್ಲ. ನಮ್ಮ ಕಡೆ ಆ ಬಂಡಿ ಬೂಟಿನಂತೆ ಒಂದು ವಸ್ತು. ವ್ಯಾಯಾಮ ಮಾಡಿದಿರಾ ಎಂದು ಕೇಳಿದರೆ ಬೂಟಿನ ವಿಷಯ ಯಾರು ಹೇಳುತ್ತಾರೆ?

ತೂವಾಳಿಗೆ ಹೇಳಿದೆ. ಮುಖ ಬಿಳಿಚಿಕೊಂಡಿತು. ಆದರೂ ಆ ಕ್ಷಣವೇ ಎದ್ದಳು, ನನ್ನನ್ನೂ ಕರೆದುಕೊಂಡು ಲಿಂಡ್‌ವಾಲರ ಕೋಣೆಗೆ ನಡೆದಳು. ಅವಳ ಬಗ್ಗೆ ನನಗೆ ಗೌರವ ಮೂಡಿದ್ದು ಆಗ.

ಪ್ರೊಫೆಸರು ಕೆನೆ ತುಂಬಿದ ಬನ್ನು ತಿನ್ನುತ್ತಲೇ ಎಲ್ಲ ಕೇಳಿಸಿಕೊಂಡರು. ಮೀಸೆಗೆಲ್ಲ ಕೆನೆ.

"ಜಾರುಬಂಡಿ ವಿಷಯ ನಮ್ಮ ನಿಯಮಾವಳೀಲಿ ಇದೆಯೇನಮ್ಮ?"

"ಇಲ್ಲ, ಸರ್."

"ಇಲ್ದೇ ಇರೋದನ್ನ ಯಾಕೆ ಬರೀತೀಯ?" ಬೆರಳು ನೆಕ್ಕಿಕೊಂಡರು. "ಈ ದ್ವೀಪದವರನ್ನ ಕೈಬಿಟ್ರೆ ನಿನ್ನ ಹತ್ರ ಉಳಿಯೋದೇನು? ತುಳಿದ ಕಾಲು ಗಟ್ಟಿ, ತುಳೀದೇ ಇದ್ದದ್ದು ಮೆತ್ತಗೆ. ನಮ್ಮಜ್ಜಿಗೂ ಗೊತ್ತಿತ್ತು. ಇಲ್ಲಿ ಒಂದು ಜಾಗ ಖಾಲಿ ಆಗ್ತಿದೆ, ಕೇಳಿದೀಯಲ್ಲ? ನಾನೇನೂ ಹೇಳಲ್ಲ. ಪ್ರಬಂಧ ನಿಂದು, ಹೆಸರೂ ನಿಂದು."

"ಸುಳ್ಳು ಅಂತ ಗೊತ್ತಿದ್ದೂ?" ಎಂದೆ.

"ಮೇಷ್ಟ್ರೇ, ನೀವು ತೊಡೆ ಕೊಟ್ರಿ, ದೊಡ್ಡ ಉಪಕಾರ. ತಲೆ ನಾವು ಕೇಳಿಲ್ಲ."

ತೂವಾ ಆ ಬನ್ನನ್ನೇ ನೋಡುತ್ತ ನಿಂತಿದ್ದಳು.

ನಮ್ಮಲ್ಲಿ ಪ್ರಬಂಧವನ್ನು ಪರೀಕ್ಷೆಗೆ ಮುಂಚೆ ಎಲ್ಲರೆದುರು ಮರದ ಹಲಗೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ: ಬಚ್ಚಿಟ್ಟದ್ದು ಏನೂ ಇಲ್ಲ, ಯಾರು ಬೇಕಾದರೂ ಓದಿ ತಪ್ಪು ಹುಡುಕಿ ಎಂದು. ಮೇ ತಿಂಗಳಲ್ಲಿ ನಮ್ಮನ್ನೂ ಕರೆದರು. ಆಲ್ಗೊಟ್ ಚರ್ಚಿನ ಕೋಟು ತೊಟ್ಟು ಬಂದಿದ್ದ. ರಟ್ಟಿನ ಮೇಲೆ ಏನಿದೆಯೆಂದು ನಾನು ಕನ್ನಡಕ ಒರೆಸಿಕೊಂಡು ಓದಿದೆ: ದ್ವೀಪವಾಸಿಗಳಲ್ಲಿ ವಿಶ್ರಾಂತ ಸ್ನಾಯುವಿನ ಹೊಂದಾಣಿಕೆ.

ಮೊಳೆ ಸೊಟ್ಟಗಾದೀತು ಎಂದು ಕಾದೆ. ತೂವಾ ಒಳ್ಳೆಯ ಬಡಗಿಯ ಹಾಗೆ ಹೊಡೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಸಿರು ಬಾದಾಮಿ ಹೊದಿಕೆಯ ಕೇಕು ಕತ್ತರಿಸಿದರು; ಲಿಂಡ್‌ವಾಲರ ಮೀಸೆಗೆ ಮತ್ತೆ ಕೆನೆ ಮೆತ್ತಿತು.

ಆಲ್ಗೊಟ್ ಮಾತ್ರ ತಟ್ಟೆ ಮುಟ್ಟದೆ ಅವಳ ಬಳಿ ಹೋದ.

"ಮಗಳೇ, ಒಂದ್ಮಾತು. ನಾನು ಬಂಡಿ ಒದ್ದಿದ್ರಿಂದ ನಿನ್ನ ಕೆಲ್ಸ ಕೆಟ್ಟೋಯ್ತು ಅಂತಾರೆ ಮೇಷ್ಟ್ರು. ನಂಗೆ ನಿದ್ದೇನೇ ಬರ್ತಿಲ್ಲ. ಹೌದಾ?"

ಸುತ್ತಲಿನವರು ತಟ್ಟೆ ಹಿಡಿದುಕೊಂಡೇ ಇತ್ತ ತಿರುಗಿದರು. ತೂವಾ ನನ್ನತ್ತ ನೋಡಲಿಲ್ಲ. ಮುದುಕನ ತೋಳನ್ನು ಪ್ರೀತಿಯಿಂದ ಸವರಿದಳು.

"ಇಲ್ಲ ಆಲ್ಗೊಟ್. ನೀವು ಬಲಗಾಲಲ್ಲೇ ಒದೀತಿದ್ರಿ. ಎಡಗಾಲು ಪಟ್ಟಿ ಮೇಲಿತ್ತು. ಮರೆತಿದೀರಿ."

ಅವನು ತನ್ನೆರಡು ಕಾಲುಗಳನ್ನೂ ಬಹಳ ಹೊತ್ತು ನೋಡಿಕೊಂಡ. ಸುತ್ತ ನಿಂತ ಓದಿದವರ ನಗುಮುಖಗಳನ್ನೂ ನೋಡಿದ.

"ಹಂಗಾ? ಇರ್ಬೋದೇನೋಪ್ಪ, ವಯಸ್ಸಾಯ್ತು" ಎಂದು, ನಿರಾಳವಾಗಿ, ಕೇಕಿಗೆ ತಟ್ಟೆ ಚಾಚಿದ.