ಹಸಿರು ಡಬ್ಬಿಯ ಸದ್ದು

ಕೋಳಿಯೂ ಸಾಯಬಾರದು, ನಾಲಗೆಯೂ ಸೋಲಬಾರದು ಅಂತ ಗಾದೆ. ಹಿರಿಯರು ಹೇಳಿದ್ದು ಹಾವು, ಕೋಲು ಅಂತ ಬೇರೇನೋ ಇತ್ತಲ್ಲ ಎಂದು ತಕರಾರು ತೆಗೆಯಬೇಡಿ. ಅವರ ಕಾಲದಲ್ಲಿ ಸೋಯಾ ಮಾಂಸ ಇರಲಿಲ್ಲ, ಪಾಪ, ಹಾವಿನ ಬೆನ್ನು ಹತ್ತಿದರು. ಇದು ಮಾತ್ರ ನಿಜವಾಗಿ ನಡೆದದ್ದು. ಒಗ್ಗರಣೆ ಹೇಳುವವರದು, ಒಳಗಿನ ಕಾಳು ನಡೆದದ್ದೇ.

ಸದ್ದಣ್ಣನ ಕಸುಬು ಸದ್ದು ಮಾಡುವುದು. ಹಾಗೆಂದು ಗಲಾಟೆಯ ಮನುಷ್ಯನಲ್ಲ. ಮನೆಯಲ್ಲಿದ್ದಾನೋ ಇಲ್ಲವೋ ಎಂದು ಹೆಂಡತಿ ಕೂಗಿ ಕೇಳಬೇಕು. ರೇಡಿಯೋ ನಾಟಕಕ್ಕೆ, ಸಿನಿಮಾಕ್ಕೆ ಬೇಕಾದ ಸದ್ದುಗಳನ್ನು ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಹುಟ್ಟಿಸುತ್ತಿದ್ದ. ಕುದುರೆ ಓಡಬೇಕೆಂದರೆ ಎರಡು ತೆಂಗಿನ ಚಿಪ್ಪು. ಹೊಟ್ಟೆಗೆ ಗುದ್ದು ಬೀಳಬೇಕೆಂದರೆ ಒದ್ದೆ ಟವೆಲ್ ಸುತ್ತಿದ ಎಲೆಕೋಸು. ಮೂಳೆ ಮುರಿಯಬೇಕೆಂದರೆ ಮೂಲಂಗಿ. ಖಳನಾಯಕನ ಕುತ್ತಿಗೆ ಮುರಿದ ದಿನ, ಉಳಿದ ಮೂಲಂಗಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. "ಇವತ್ತು ಯಾರನ್ನ ಕೊಂದು ತಂದ್ರಿ?" ಅನ್ನುತ್ತಿದ್ದಳು ಹೆಂಡತಿ.

ಗಾಜಿನ ಗೋಡೆಯ ಆಚೆ, ಗುಂಡಿಗಳೂ ದೀಪಗಳೂ ತುಂಬಿದ ಮೇಜಿನ ಮುಂದೆ ಕೂತು ಈ ಸದ್ದುಗಳನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದವನು ಆ ಹೆಂಡತಿಯ ಅಣ್ಣ. ಮೊದಲು ಗೆಳೆಯ, ಆಮೇಲೆ ಭಾವ. ಹಾಗಾಗಿ ಹೋಗೋ ಬಾರೋ ನಿಲ್ಲಲಿಲ್ಲ. ಅದರ ಬಾಲಕ್ಕೆ ಒಂದು 'ಭಾವ' ಅಂಟಿಕೊಂಡಿತು, ಅಷ್ಟೆ.

ಹನ್ನೊಂದು ವರ್ಷದ ಹಿಂದೆ ಒಬ್ಬ ನಿರ್ದೇಶಕ ಹಠ ಹಿಡಿದಿದ್ದ: ಮೂಲಂಗಿ ಸಾಲದು, ಅಸಲಿ ಸದ್ದೇ ಬೇಕು. ಇಬ್ಬರೂ ಮೈಕು ಹೊತ್ತು ಕಸಾಯಿಖಾನೆಗೆ ಹೋದರು. ಬೆಳಗ್ಗೆ ಪೂರ್ತಿ ಹೆಡ್‌ಫೋನ್ ಹಾಕಿಕೊಂಡು ನಿಂತರು. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆ ಇಲ್ಲ. ವಾಪಸು ಬಂದು ಊಟದ ಡಬ್ಬಿ ತೆರೆದವರು ಹಾಗೇ ಮುಚ್ಚಿಟ್ಟರು. ಅದುವರೆಗೆ ಮೂಳೆಯನ್ನೂ ಬಿಡದೆ ಚೀಪುತ್ತಿದ್ದ ಕುಳಗಳು ಇಬ್ಬರೂ. "ಇನ್ನು ಬೇಡ ಕಣೋ" ಎಂದ ಭಾವ. ಮೊದಲು ಅಂದವನು ಅವನೇ. ಸದ್ದಣ್ಣ ಕೈ ಚಾಚಿದ, ಭಾವ ಅದರ ಮೇಲೆ ಕೈ ಇಟ್ಟ. ಆ ಟೇಪನ್ನು ಯಾರಿಗೂ ಕೇಳಿಸಲಿಲ್ಲ. ಇವತ್ತಿಗೂ ಕಪಾಟಿನ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದೆ.

ಅಲ್ಲಿಂದ ನೆಂಟರ ಮನೆಯ ಊಟಗಳಲ್ಲಿ ಇಬ್ಬರೂ ಮೇಜಿನ ತುದಿಯಲ್ಲಿ ಅಕ್ಕಪಕ್ಕ. "ಬಂದ್ವು ನೋಡು ಮೊಲಗಳು" ಎಂದು ಚಿಕ್ಕಪ್ಪಂದಿರು ಕಾಲೆಳೆದರೆ ಭಾವ ಮುಂದಿನ ಎರಡು ಹಲ್ಲು ಹೊರಗೆ ಹಾಕಿ ಕ್ಯಾರೆಟ್ ಕಡಿದು ತೋರಿಸುತ್ತಿದ್ದ. ಒಬ್ಬನೇ ಆಗಿದ್ದರೆ ಸದ್ದಣ್ಣ ಎಂದೋ ಸೋಲುತ್ತಿದ್ದ, ಅದು ಅವನಿಗೂ ಗೊತ್ತಿತ್ತು. ಹುರಿದ ಮಾಂಸದ ವಾಸನೆ ಮೂಗಿಗೆ ಬಡಿದಾಗಲೆಲ್ಲ ಪಕ್ಕದ ತಟ್ಟೆ ನೋಡುತ್ತಿದ್ದ. ಅಲ್ಲಿ ಸೊಪ್ಪಿದ್ದರೆ ಇಲ್ಲೂ ಸೊಪ್ಪು ಗಂಟಲಿಗೆ ಇಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಭಾವ ಮಧ್ಯಾಹ್ನದ ಊಟಕ್ಕೆ ಒಂದು ಹಸಿರು ಡಬ್ಬಿ ತರತೊಡಗಿದ. ಮುಚ್ಚಳದ ಮೇಲೆ ಎಲೆಯ ಚಿತ್ರ, ಅದರ ಕೆಳಗೆ 'ಗಿಡದಿಂದ ಮಾಡಿದ ಮಾಂಸ' ಎಂಬ ಬರಹ.

"ಏನೋ ಇದು ಭಾವ, ಸನ್ಯಾಸಿ ಜೇಬಲ್ಲಿ ಬಾಚಣಿಗೆ ಸಿಕ್ಕ ಹಾಗೆ?"

"ಸೋಯಾ ಕಣೋ. ಪ್ರಾಣಿಗೆ ನೋವಿಲ್ಲ, ನಾಲಗೆಗೆ ಬೇಜಾರಿಲ್ಲ."

"ಬಿಟ್ಟೆ ಅಂದ್ಮೇಲೆ ಬಿಡಬೇಕಪ್ಪ. ಸಿಗರೇಟು ಬಿಟ್ಟೋನು ಪೆನ್ಸಿಲ್ ಬಾಯಿಗಿಟ್ಟು ಹೊಗೆ ಬಿಟ್ಟ ಹಾಗಾಯ್ತು."

"ಪೆನ್ಸಿಲ್ ಸೇದಿದ್ರೆ ಕೆಮ್ಮು ಬರಲ್ವಲ್ಲ."

"ಇವತ್ತು ನಕಲಿ ತಿಂದ ಬಾಯಿ ನಾಳೆ ಅಸಲಿ ಕೇಳುತ್ತೆ, ನೋಡ್ತಿರು."

"ಆಹಾ. ನೀನು ದಿನಾ ಎಲೆಕೋಸಿಗೆ ಗುದ್ದಿ ಮನುಷ್ಯನ ಹೊಟ್ಟೆ ಅಂತೀಯ. ಮೂಲಂಗಿ ಮುರಿದು ಮೂಳೆ ಅಂತೀಯ. ಊರಿನ ಕಿವಿಗೆಲ್ಲ ನಕಲಿ ಮಾಂಸ ಉಣಿಸೋನು ನೀನು. ಕಿವಿಗಾದ್ರೆ ಆಗುತ್ತೆ, ನಾಲಗೆಗೆ ಆಗಲ್ವಾ?"

ಸದ್ದಣ್ಣ ಎಲೆಕೋಸಿನ ಕಡೆ ನೋಡಿದ. ಅದೂ ಅವನ ಪರ ಮಾತಾಡಲಿಲ್ಲ. "ನಿನ್ನ ಡಬ್ಬಿ ನಿಂಗಿರಲಿ. ನಂಗೆ ಮಾತ್ರ ತಿನ್ನಿಸಬೇಡ. ಒಂದು ಚೂರು ಬಾಯಿಗೆ ಬಿದ್ರೂ ಗೊತ್ತಾಗುತ್ತೆ ನಂಗೆ" ಎಂದ.

ಈ ವಾದ ಎರಡು ವರ್ಷ ನಡೆಯಿತು. ಅದರ ಕೊನೆಯ ಸಾಲು ಗಿಳಿಗೆ ಬಾಯಿಪಾಠವಾಗಿಹೋಯಿತು. ಗಿಳಿ ನಾಟಕಗಳಿಗೆ ದನಿ ಕೊಡುವ ಹುಡುಗಿ. ಅಜ್ಜಿ, ಹಸುಗೂಸು, ಎಣ್ಣೆ ಕಾಣದ ಬಾಗಿಲು, ಏನು ಬೇಕಾದರೂ ಆಗಬಲ್ಲಳು. ಸದ್ದಣ್ಣನ ದನಿಯನ್ನು ಸದ್ದಣ್ಣನಿಗಿಂತ ಚೆನ್ನಾಗಿ ಮಾತಾಡುತ್ತಿದ್ದಳು.

ಆ ದಿನ ಮಕ್ಕಳ ನಾಟಕವೊಂದರ ಕೆಲಸ. ರಕ್ಕಸನೊಬ್ಬ ಕೂತು ಮಾಂಸ ಜಗಿಯಬೇಕು. ನಿರ್ದೇಶಕಿ ಮೇಡಂಗೆ ಯಾವ ಸದ್ದೂ ಹಿಡಿಸಲಿಲ್ಲ. ಮೂಲಂಗಿ ಆಯಿತು, ದೊಣ್ಣೆಮೆಣಸಿನಕಾಯಿ ಆಯಿತು, ನೆನೆಸಿದ ಬ್ರೆಡ್ಡೂ ಆಯಿತು. "ನಿಮ್ಮ ರಕ್ಕಸ ಡಯಟ್ ಮಾಡ್ತಿರೋ ಹಾಗಿದಾನೆ" ಎಂದರು. ಊಟಕ್ಕೆ ಬಿಟ್ಟರು.

ಒಳಕೋಣೆಯ ಮೇಜಿನಲ್ಲೇ ಊಟ. "ಅಮ್ಮ ಮಾಡಿದ್ದು ಸದ್ದಣ್ಣ, ಆಲೂಗಡ್ಡೆ ಕಟ್ಲೆಟ್" ಎಂದು ಗಿಳಿ ಮುಂದಿಟ್ಟಳು. ಎರಡು ತಿಂದ, ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಎದುರಿಗೆ ಭಾವ ಹಸಿರು ಡಬ್ಬಿ ತೆರೆದು ಕೂತಿದ್ದ. ಇಬ್ಬರ ನಡುವೆ ಒಂದು ಮೈಕು ನಿಂತಿತ್ತು. ಸ್ಟುಡಿಯೋದಲ್ಲಿ ಮೈಕು ಕಂಡರೆ, ಕೊಳದಲ್ಲಿ ಮೀನು ಕಂಡ ಹಾಗೆ, ಯಾರು ಅನುಮಾನ ಪಡುತ್ತಾರೆ?

ಊಟದ ನಂತರ ಸದ್ದಣ್ಣ ಹೆಡ್‌ಫೋನ್ ಏರಿಸಿ, ಹೊಸ ಮೂಲಂಗಿ ಹಿಡಿದು ಸಿದ್ಧನಾದ. ಗಾಜಿನ ಆಚೆ ಭಾವ, ಗಿಳಿ, ಮೇಡಂ. ಕಿವಿಯಲ್ಲಿ ಅವನದೇ ದನಿ ಕೇಳಿಸಿತು: "ಒಂದು ಚೂರು ಬಾಯಿಗೆ ಬಿದ್ರೂ ಗೊತ್ತಾಗುತ್ತೆ ನಂಗೆ." ತಲೆ ಎತ್ತಿದ. ಗಿಳಿಯ ತುಟಿ ಆಡುತ್ತಿತ್ತು. ಅದರ ಹಿಂದೆಯೇ ರೆಕಾರ್ಡಿಂಗ್ ಶುರುವಾಯಿತು. ತಟ್ಟೆಯ ಸದ್ದು, ಜಗಿಯುವ ಸದ್ದು, ನಂತರ ಅವನೇ: "ಇನ್ನೊಂದಿದ್ರೆ ಹಾಕಮ್ಮ ಗಿಳಿ, ನಿಮ್ಮಮ್ಮನ ಕೈ ಬಂಗಾರ."

"ಅಮ್ಮನ ಕೈ ಅಲ್ಲ ಸದ್ದಣ್ಣ, ಅಂಗಡಿಯ ಸೋಯಾ" ಎಂದಳು ಗಿಳಿ, ಈಗ ತನ್ನ ದನಿಯಲ್ಲಿ. "ನಿಮಗೆ ಗೊತ್ತೇ ಆಗಲಿಲ್ಲ. ಐಡಿಯಾ ಭಾವಂದು."

ಆಚೆ ಮೇಡಂ ಹೊಟ್ಟೆ ಹಿಡಿದುಕೊಂಡಿದ್ದರು. ಸದ್ದಣ್ಣ ಮೂಲಂಗಿ ಕೆಳಗಿಟ್ಟ. ಬೇಡ ಎಂದದ್ದೊಂದೇ, ಅದನ್ನೇ ಬಾಯಿಗೆ ಹಾಕಿದ್ದರು. ಗಿಳಿಯ ಮಾತು ಬಿಡು, ಅವಳ ಹೊಟ್ಟೆಪಾಡೇ ಅದು. ಆದರೆ ಎರಡು ವರ್ಷ ವಾದ ಮಾಡಿದವನು, ಮಾತಲ್ಲಿ ಗೆಲ್ಲಲಾಗದೆ ಕಟ್ಲೆಟ್ಟಿನಲ್ಲಿ ಗೆದ್ದನಲ್ಲ.

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಅಭ್ಯಾಸಬಲ, ಕಣ್ಣು ಮುಚ್ಚಿ ಕೇಳಿದ.

ಆ ಮೈಕಿಗೆ ಎರಡು ಮುಖ. ಬೇಡವಾದ ಮುಖವನ್ನು ಮುಚ್ಚುವ ಗುಂಡಿಯೊಂದಿದೆ. ಭಾವನಾಗಿದ್ದರೆ ನಿದ್ದೆಯಲ್ಲೂ ಒತ್ತುತ್ತಿದ್ದ, ಇಟ್ಟವಳು ಗಿಳಿ. ಹಾಗಾಗಿ ಬಲಗಿವಿಯಲ್ಲಿ ಸದ್ದಣ್ಣ ಜಗಿಯುತ್ತಿದ್ದ, ಎಡಗಿವಿಯಲ್ಲಿ ಭಾವ. ಬಲಗಡೆಯದು ಮೆತ್ತಗೆ, ಒದ್ದೆ ಹತ್ತಿ ಅದುಮಿದ ಹಾಗೆ. ಎಡಗಡೆ ನಾರೊಂದು ಹಲ್ಲಿಗೆ ಸಿಕ್ಕಿ ಎಳೆದು ತುಂಡಾಯಿತು. ಆಮೇಲೆ ಸಣ್ಣಗೆ, ಕಟಕ್. ಮೆದುಮೂಳೆ. ಆಮೇಲೆ ಚೀಪಿದ ಸದ್ದು.

ಸದ್ದಣ್ಣ ಕೈ ಎತ್ತಿದ. "ಹಿಂದಕ್ಕೆ ಹಾಕು ಗಿಳಿ. ಇನ್ನೊಮ್ಮೆ."

ಗಿಳಿ ಖುಷಿಯಿಂದ ಹಾಕಿದಳು. ಮತ್ತೆ ನಾರು, ಮತ್ತೆ ಕಟಕ್. ಸೋಯಾಕ್ಕೆ ಎಲ್ಲಿಯ ಮೂಳೆ? ಹನ್ನೊಂದು ವರ್ಷ ಈ ಒಂದು ಸದ್ದಿಗಾಗಿ ಎಷ್ಟು ಮೂಲಂಗಿ ಮುರಿದಿದ್ದ, ಒಂದೂ ಹತ್ತಿರ ಬಂದಿರಲಿಲ್ಲ. ಕಣ್ಣು ಬಿಟ್ಟ. ಭಾವನ ಕೈ ನಿಲ್ಲಿಸುವ ಗುಂಡಿಯ ಮೇಲಿತ್ತು. ಮೇಡಂ ಆ ಕೈ ಹಿಡಿದುಕೊಂಡರು.

"ತಾಳ್ರೀ, ತಾಳ್ರೀ. ಇದೇ ನನ್ನ ರಕ್ಕಸ. ಬೆಳಗ್ಗೆಯಿಂದ ಇದನ್ನೇ ಕೇಳ್ತಿರೋದು ನಾನು. ಯಾವ ತರಕಾರಿ ಇದು ಸದ್ದಣ್ಣ?"

ಗಿಳಿ ಇನ್ನೂ ನಗುತ್ತಿದ್ದಳು. ಭಾವ ಅವರಿಗೆ ಬೆನ್ನು ಮಾಡಿ, ಒಳಕೋಣೆಗೆ ಮಾತು ಕಳಿಸುವ ಮೈಕಿಗೆ ಬಾಯಿ ಹಚ್ಚಿದ. ಪಿಸುಮಾತು ಸದ್ದಣ್ಣನ ಕಿವಿಗೆ ಮಾತ್ರ ಬಂತು.

"ಎರಡು ವರ್ಷ ಆಯ್ತು ಕಣೋ. ಡಬ್ಬಿ ಬರೀ ಡಬ್ಬಿ. ಹೇಳಿದ್ರೆ ನೀನು ಪಕ್ಕದಲ್ಲಿ ಕೂರಿಸ್ಕೊಳಲ್ಲ ಅಂತ... ತಂಗಿಗೆ ಹೇಳಬೇಡ."

ಎರಡು ವರ್ಷ. ಅಂದರೆ ಮೊದಲ ದಿನದಿಂದಲೇ. ನಕಲಿ ತಿನ್ನಬಹುದೋ ಬಾರದೋ ಎಂದು ಅವನು ತಲೆ ಕೆಡಿಸಿಕೊಂಡು ವಾದ ಮಾಡುತ್ತಿದ್ದಾಗ ಎದುರಿಗಿದ್ದವನ ಬಾಯಲ್ಲಿ ಅಸಲಿ ಇತ್ತು. ಚಿಕ್ಕಪ್ಪನ ಮನೆಯ ಊಟದಲ್ಲಿ ಆ ತಟ್ಟೆ ನೋಡಿಕೊಂಡು ಸೊಪ್ಪು ನುಂಗಿದ್ದು ನೆನಪಾಯಿತು. ಹೋದ ತಿಂಗಳು. ಅದರ ಹಿಂದಿನ ತಿಂಗಳೂ.

"ಹೇಳಿ ಸದ್ದಣ್ಣ, ಯಾವ ತರಕಾರಿ?" ಎಂದರು ಮೇಡಂ.

ಭಾವ ತಿರುಗಿ ನೋಡಿದ. ಕಸಾಯಿಖಾನೆಯ ದಿನ ಇದ್ದ ಮುಖವೇ.

"ತರಕಾರಿ ಅಲ್ಲ ಮೇಡಂ, ಸೋಯಾ" ಎಂದ ಸದ್ದಣ್ಣ. "ಭಾವನವರ ಡಬ್ಬಿದು. ಅವರು ದಿನಾ ತಿಂತಾರೆ. ನಿಮಗೆ ಎಷ್ಟು ಸಲ ಬೇಕೋ ಅಷ್ಟು ಸಲ ನಿಮ್ಮ ಮುಂದೇನೇ ಕೂತು ಜಗಿದು ಕೊಡ್ತಾರೆ. ಅಲ್ವೇ ಭಾವನವರೇ? ನೀವು ಈ ಕಡೆ ಬನ್ನಿ."

"ಅಯ್ಯೋ, ನಮ್ಮ ಸದ್ದಣ್ಣನೇ ಸೋಯಾದ ಪರ ಆಗ್ಬಿಟ್ರು" ಎಂದಳು ಗಿಳಿ, ಮೇಜು ಗುದ್ದುತ್ತ. ಮೇಡಂಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಆಗ ಸದ್ದಣ್ಣನೂ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಹೊಟ್ಟೆಯಿಂದ, ಒಂದರ ಮೇಲೊಂದು ಕಟ್ಟುತ್ತ ಹೋದ. ಮೇಡಂ, ಗಿಳಿ ಇಬ್ಬರ ನಗುವೂ ಅದರಡಿ ಮುಳುಗಿತು. ಗಾಜಿನ ಆಚೆ ಸದ್ದು ಅಳೆಯುವ ಸೂಜಿ ಕೆಂಪು ಗೆರೆ ದಾಟಿ ಕೊನೆಗೆ ಹೋಗಿ ನಿಂತಿತು. ಅದನ್ನು ತಗ್ಗಿಸುವುದು ಭಾವನ ಕೆಲಸ. ಅವನ ಕೈ ಏಳಲಿಲ್ಲ. ಸದ್ದಣ್ಣ ಅವನನ್ನೇ ನೋಡುತ್ತ, ಇನ್ನೂ ಜೋರಾಗಿ ನಕ್ಕ.