ರಮಾಮಣಿ ಟೀಚರು ಜೋಡಿಸಿದ ತೆರೆ

ಯಾರ ಮನೆಗೆ ಹೋದರೂ ರಮಾಮಣಿ ಟೀಚರು ಮೊದಲು ನೋಡುವುದು ಟಿ.ವಿ.ಯ ಬೆನ್ನನ್ನು. ಕುಶಲ ಸಮಾಚಾರ, ಬೆಲ್ಲ-ನೀರಿನ ಉಪಚಾರವೆಲ್ಲ ಆಮೇಲೆ. ಗೋಡೆಗೂ ಟಿ.ವಿ.ಗೂ ನಡುವಣ ಕತ್ತಲಿಗೆ ಕತ್ತು ಚಾಚಿ, ದಾರ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ, "ಇದೆಂತ ಅವಸ್ಥೆ! ಈ ವಯರು ಎಲ್ಲಿಗೆ ಹೋಗ್ತದೆ ಅಂತ ನಿಮಗೆ ಗೊತ್ತುಂಟಾ?" ಎಂದು ಮನೆಯ ಯಜಮಾನರನ್ನೇ ವಿಚಾರಿಸುವರು. ಪೆರ್ಡೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಉಡುಪಿಯಲ್ಲಿ ನನ್ನ ನೆರೆಯವರು. ಎದುರುಗಾಳಿಯನ್ನು ಸೀಳುವವರಂತೆ ಬಲಭುಜವನ್ನು ಮುಂದೆ ಮಾಡಿ ನಡೆಯುವ, ಹೆಗಲಚೀಲದಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲೇ ಸ್ಕ್ರೂಡ್ರೈವರ್ ಇಟ್ಟುಕೊಂಡಿರುವ ಆ ಕೃಶಾಂಗಿಯನ್ನು ನಮ್ಮ ಬೀದಿಯಲ್ಲಿ ಅರಿಯದವರಿಲ್ಲ.

ಅದೇ ಮನೆಯಲ್ಲಿರುವ ಅವರ ಅಣ್ಣ ರಾಮದಾಸರು ತಾಳಮದ್ದಳೆಯ ಅರ್ಥಧಾರಿಗಳು. ಪದ್ಯವೊಂದು ಮುಗಿದೊಡನೆ ಅದರ ಅರ್ಥವನ್ನು ವಾಗ್ವಾದದ ಮಹಾಪ್ರವಾಹವಾಗಿ ಹರಿಸಬಲ್ಲವರು. ಪಾರ್ಶ್ವವಾಯು ಬಡಿದು ಅವರ ಮಾತು ನಿಂತಿತು, ಅಕ್ಷರ ಗುರುತಿಸುವ ಶಕ್ತಿಯೂ ಹೋಯಿತು. ಆಗ ತಂಗಿ ಟಿ.ವಿ.ಗೊಂದು ಪುಟ್ಟ ಮೀಡಿಯಾ ಪ್ಲೇಯರ್ ಜೋಡಿಸಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನು ಅದಕ್ಕೆ ಹಾಕಿ, ತೆರೆಯ ಮೇಲೆ ಒಂದಕ್ಷರವೂ ಇಲ್ಲದಂತೆ ಬರೀ ಅಣ್ಣನ ಮತ್ತು ಅವರ ಸಹಕಲಾವಿದರ ಭಾವಚಿತ್ರಗಳನ್ನು ಕೂರಿಸಿದರು. ಚಿತ್ರವನ್ನು ಆರಿಸಿದರೆ ಅವರು ಅರ್ಥ ಹೇಳಿದ ತಾಳಮದ್ದಳೆ ಕೂಟದ ವಿಡಿಯೊ. ಮಾತು ಕಳೆದುಕೊಂಡವರು ತಮ್ಮ ಮಾತನ್ನು ತಾವೇ ಆರಿಸಿ ಕೇಳುತ್ತಿದ್ದರು.

ಕ್ರಮೇಣ ಆ ಯಂತ್ರಕ್ಕೂ ಮುಪ್ಪು ಬಂತು. ವಾಕ್ಯದ ನಡುವೆ ಬಿಕ್ಕಳಿಸಿ ನಿಲ್ಲತೊಡಗಿತು. ರಾಮದಾಸರ ಮಗ ನಂದನ ನುಣುಪಾದ ಹೊಸದೊಂದನ್ನು ತಂದ.

"ಅತ್ತೆ, ಇದಕ್ಕೆ ನೀವು ಎಂತ ಮಾಡುವುದೂ ಬೇಡ. ಎಲ್ಲ ಅದೇ ಮಾಡ್ತದೆ."

"ನನಗೆ ಹೆದರಿಕೆ ಅದೇ ಮಾರಾಯ," ಎಂದರು ಟೀಚರು.

ಹೆದರಿದಂತೆಯೇ ಆಯಿತು. ನಂದನ ಹೇಗೋ ಒಂದು ಸಾಲಿನಲ್ಲಿ ಕೂರಿಸಿದ್ದ ಭಾವಚಿತ್ರಗಳು, ಒಂದು ಬೆಳಿಗ್ಗೆ ಅದು ತಾನಾಗಿ ಅಪ್‌ಡೇಟ್ ಆದಾಗ ಎಲ್ಲೋ ಆಳಕ್ಕೆ ಜಾರಿ, ಮೇಲೆಲ್ಲ ಸಿನಿಮಾ ಜಾಹೀರಾತುಗಳು ಮೆರೆದವು. ರಾಮದಾಸರು ಗುಂಡಿಗಳನ್ನು ಒತ್ತಿದರು, ಒತ್ತಿದರು. ಕೊನೆಗೆ ರಿಮೋಟನ್ನು ಮಡಿಲಲ್ಲಿಟ್ಟು ಗೋಡೆಯತ್ತ ಮುಖ ತಿರುಗಿಸಿದರು. ಎರಡನೆಯ ಬಾರಿ ಮಾತು ಕಸಿದುಕೊಂಡಂತಿತ್ತು. ಕಂಪನಿಗೆ ಫೋನ್ ಮಾಡಿದರೆ, "ಅದನ್ನು ಬದಲಿಸಲು ಬರುವುದಿಲ್ಲ ಮೇಡಂ" ಎಂಬ ಸುಮಧುರ ಉತ್ತರ.

ಟೀಚರು ಅಂದೇ ನನ್ನನ್ನೂ ಎಳೆದುಕೊಂಡು ಮಣಿಪಾಲದ ಅಂಗಡಿಗೆ ಹೋಗಿ, ಅಂಗೈಯಗಲದ ಪುಟ್ಟ ಕಂಪ್ಯೂಟರೊಂದನ್ನು ಕೈಗೆತ್ತಿಕೊಂಡರು.

"ಇದರಲ್ಲಿ ಎಂತದೂ ಇಲ್ಲ ಮೇಡಂ, ಬರೀ ಖಾಲಿ," ಅಂಗಡಿಯವನು ಎಚ್ಚರಿಸಿದ.

"ಖಾಲಿ ಬೇಕೂಂತಲೇ ಬಂದದ್ದು."

ಆದರೆ ಆ ಮುಕ್ತ ತಂತ್ರಾಂಶದ ಹೊಸ ಆವೃತ್ತಿ ಅವರ ಹಳೆಯ ತೆರೆಯನ್ನು ಒಪ್ಪಲಿಲ್ಲ. ಹಿಂದೆ ಬರೆದಿದ್ದ ಕೋಡಿನ ಸಾಲುಗಳೆಲ್ಲ ನಿಷ್ಪ್ರಯೋಜಕವಾದವು. ಹಳೆಯ ಆವೃತ್ತಿಯೇ ಸಾಕಲ್ವಾ ಎಂದ ನಂದನನಿಗೆ, "ಸಿಲೆಬಸ್ ಬದಲಾದಾಗ ನಾನು ರಜೆ ಹಾಕಿದ್ದುಂಟಾ?" ಎಂದು ಕೇಳಿ ಕೂತರು. ಮುಖ ಕಾಣದ ದೂರದೇಶದವರನ್ನು ಇಂಟರ್ನೆಟ್ಟಿನಲ್ಲಿ ಪ್ರಶ್ನಿಸುತ್ತ, ಬಂದ ಉತ್ತರಗಳಲ್ಲಿ ತಪ್ಪಿದ್ದರೆ ಅವರಿಗೇ ತಿದ್ದಿ ಕಳಿಸುತ್ತ, ತೆರೆಯನ್ನು ಮೊದಲಿನಿಂದ ಕಟ್ಟಿದರು. ವಿಡಿಯೊ ಈಗ ತಡೆಯಿಲ್ಲದೆ ಹರಿಯಿತು.

ತುತ್ತತುದಿಯಲ್ಲಿ ಅಣ್ಣನದೇ ಚಿತ್ರ: ಶಾಲು, ಹಾರ, ಎತ್ತಿದ ಕೈ. ರಾಮದಾಸರು ಅದನ್ನು ಆರಿಸಿ ಕ್ಷಣಹೊತ್ತು ನೋಡಿ ನಿಲ್ಲಿಸಿದರು. ಆಮೇಲೆ ಕೆಳಗಿನ ಮೂಲೆಯ ಚಿತ್ರವೊಂದಕ್ಕೆ ಬೆರಳು ತೋರಿ, ಕೈಯನ್ನು ನಿಧಾನವಾಗಿ ಮೇಲಕ್ಕೆತ್ತಿದರು. ಅದು ಕಾರ್ಕಳದ ಗುಣಪಾಲರ ಚಿತ್ರ. ಈಗಿಲ್ಲದ ಗೆಳೆಯ, ಪ್ರತಿ ಕೂಟದಲ್ಲೂ ರಾಮದಾಸರ ಎದುರಾಳಿ.

"ಗುಣಪಾಲರು ಮೇಲೆ ಬರಬೇಕಾ ಅಣ್ಣ?"

ಅಣ್ಣ ತಲೆಯಾಡಿಸಿದರು. ಟೀಚರು ಕೀಲಿಮಣೆ ಎಳೆದುಕೊಂಡು ಅಲ್ಲೇ ಚಿತ್ರವನ್ನು ಮೇಲಕ್ಕೆ ತಂದರು. ಅಣ್ಣ ಅದನ್ನು ಆರಿಸಿದರು. ಗುಣಪಾಲರ ಒಂದು ತರ್ಕಕ್ಕೆ ಉತ್ತರ ಹೊಳೆಯದೆ, ತುಂಬಿದ ಸಭೆಯಲ್ಲಿ ರಾಮದಾಸರು ತಬ್ಬಿಬ್ಬಾಗಿ ಕುಳಿತ ಕೂಟವದು. ಆ ಘಳಿಗೆ ಬಂದಾಗ ರಾಮದಾಸರು ಗಟ್ಟಿಯಾಗಿ ನಕ್ಕರು. ಕಾಯಿಲೆ ಬಿದ್ದ ಮೇಲೆ ಆ ಮನೆಯಿಂದ ನಾನು ಕೇಳಿದ ಮೊದಲ ನಗು. ಟೀಚರು ಕನ್ನಡಕ ಒರೆಸಿಕೊಂಡರು.

ಇಂಥವರನ್ನು ಲೋಕ ಹಠಮಾರಿಗಳೆಂದು ಕರೆದು ಸುಮ್ಮನಾಗುತ್ತದೆ. ಸಿದ್ಧವಾಗಿ ಸಿಕ್ಕ ಸೌಖ್ಯವನ್ನು ತಿರುಗಿಸಿ ನೋಡಿ, ಇದನ್ನು ಬಿಚ್ಚಲು ಬರುತ್ತದೆಯೇ ಎಂದು ಕೇಳುವವರ ಜೊತೆ ಬಾಳುವುದು ಸುಲಭವೂ ಅಲ್ಲ. ಆದರೆ ನಾವು ಪ್ರೀತಿಸುವವರ ಮನಸ್ಸು ನಾಳೆ ಯಾವ ಕಡೆ ಹೊರಳೀತೆಂದು ನಮಗೇ ಪೂರ್ತಿ ತಿಳಿಯದು. ಅದು ಹೊರಳಿದಾಗ ಮನೆಯೂ ಜೊತೆಗೆ ಹೊರಳಬೇಕಾದರೆ, ಎಲ್ಲವನ್ನೂ ಬಿಚ್ಚಿ ಜೋಡಿಸಬಲ್ಲವರು ಒಬ್ಬರಾದರೂ ಆ ಮನೆಯಲ್ಲಿರಬೇಕು.